ಸೋದರಮಾವನ ಕೌದಿ

“ಕೌದಿ ಅಂದ್ರೆ ಏನು ಮಾರಾಯ, ಕವಡೆಯಾ?” ಎಂದು ನಮ್ಮ ಸಂಘದ ಉಡುಪಿಯ ಗೆಳೆಯ ಕೇಳಿದ. ದೀಪಾವಳಿ ರಜೆಯಲ್ಲಿ ಏನು ಮಾಡಿದೆ ಎಂಬ ಪ್ರಶ್ನೆಗೆ ನಾನು ‘ಕೌದಿ ಹೊಲಿದೆ’ ಎಂದು ಉತ್ತರ ಕೊಟ್ಟಿದ್ದೆ. ಕವಡೆಗೆ ಸೂಜಿ ಹೇಗೆ ಹಾಕುತ್ತಾರೆ ಎಂದು ಅವನು ತಲೆ ಕೆಡಿಸಿಕೊಂಡು ಕೂತರೆ, ಪಕ್ಕದಲ್ಲಿದ್ದ ವಿಜಾಪುರದವ “ಗಂಡಸಾಗಿ ಕೌದಿ ಹೊಲದ್ಯಾ?” ಎಂದು ಬಿದ್ದು ಬಿದ್ದು ನಕ್ಕ. ಒಬ್ಬನಿಗೆ ವಸ್ತುವೇ ಗೊತ್ತಿಲ್ಲ, ಇನ್ನೊಬ್ಬನಿಗೆ ಗೊತ್ತಿದ್ದೂ ನಗು. ಇಬ್ಬರಿಗೂ ಒಟ್ಟಿಗೇ ಉತ್ತರವಾಗಲಿ ಎಂದು ಈ ಲೇಖನ. ಓದಿದ ಮೇಲೆ ಯಾರಾದರೂ ಸೂಜಿ ಹಿಡಿದರೆ ನನ್ನ ಶ್ರಮ ಸಾರ್ಥಕ.

ಕೌದಿ ಅಂದರೆ

ಹಳೇ ಸೀರೆ, ಧೋತರ, ಕುಪ್ಪಸ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿ ಒಂದಾಗಿಸಿದ ಹಾಸಿಗೆ-ಹೊದಿಕೆ ಕೌದಿ. ಅದರೊಳಗೆ ಅರಳೆ ಇರುವುದಿಲ್ಲ. ಅರಳೆ ತುಂಬಿದರೆ ಅದು ಗಾದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಹಾಸಲೂ ಆಯಿತು, ಹೊದೆಯಲೂ ಆಯಿತು, ಬಂದ ನೆಂಟರಿಗೆ ಕಟ್ಟೆಯ ಮೇಲೆ ಹಾಸಿ ಕೂಡಿಸಲೂ ಆಯಿತು.

ಇದು ನಮ್ಮದೊಂದೇ ಸೊತ್ತು ಎಂದು ಎದೆ ತಟ್ಟಿಕೊಳ್ಳಬೇಕಾಗಿಲ್ಲ. ಪುಣೆ, ಮುಂಬಯಿಯ ಮಿತ್ರರು ಇದನ್ನು ಮರಾಠಿ ಮನೆಗಳಲ್ಲಿ ‘ಗೋಧಡಿ’ ಎಂಬ ಹೆಸರಿನಲ್ಲಿ ನೋಡಿರುತ್ತೀರಿ. ಹೈದರಾಬಾದಿನವರಿಗೆ ತೆಲುಗಿನ ‘ಬೊಂತ’ ಗೊತ್ತಿರುತ್ತದೆ. ಬಂಗಾಳದಲ್ಲಿ ಹಳೇ ಸೀರೆಗಳ ‘ಕಾಂಥಾ’, ಬಿಹಾರದಲ್ಲಿ ಹುಟ್ಟಿದ ಕೂಸಿಗಾಗಿ ಹೊಲಿಯುತ್ತಿದ್ದ ‘ಸುಜನಿ’, ರಾಜಸ್ಥಾನ-ಸಿಂಧದ ಕಡೆ ‘ರಲ್ಲಿ’. ಹೆಸರು ಬೇರೆ, ಕೈಕೆಲಸ ಬೇರೆ ಬೇರೆ ಚಂದ, ಮೂಲ ಮಾತ್ರ ಒಂದೇ: ಉಟ್ಟು ಹಳತಾದ ಬಟ್ಟೆ ಮತ್ತು ಓಡುವ ಸೂಜಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಹಳಿಯಾಳ, ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಹೆಂಗಸರು ಹೊಲಿಯುವ ‘ಕವಂದಿ’ ಇದೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿ ಸಿದ್ದಿಯರು. ಅವರು ಅಂಚಿನಿಂದ ಹೊಲಿಯಲು ಶುರುಮಾಡಿ, ತುಂಡುಗಳನ್ನು ಸೇರಿಸುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಚೂರು ಕೂಡಿಸುತ್ತಾರೆ. ಅದಕ್ಕೆ ‘ಫೂಲ’, ಅಂದರೆ ಹೂ, ಎಂದು ಹೆಸರು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಮುಗಿದ ಕವಂದಿಯೇ ಅಲ್ಲ. ೨೦೧೧ರಲ್ಲಿ ಈ ಕವಂದಿಗಳ ಪ್ರದರ್ಶನ ನ್ಯೂಯಾರ್ಕಿನ ಶೊಂಬರ್ಗ್ ಕೇಂದ್ರದಲ್ಲಿ ನಡೆಯಿತು. ಅಲ್ಲಿ ಗೋಡೆಗೆ ತೂಗುಹಾಕಿ ನೋಡಿದ ವಸ್ತುವನ್ನು ನಾವು ಹಾಸ್ಟೆಲಿಗೆ ಬರುವಾಗ ಟ್ರಂಕಿನ ತಳದಲ್ಲಿ ಮುಚ್ಚಿಟ್ಟು, ಮೇಲೆ ಅಂಗಡಿಯ ಬ್ಲಾಂಕೆಟ್ಟು ಹಾಸಿಕೊಳ್ಳುತ್ತೇವೆ. ನಾನೂ ಹಾಗೆ ಮಾಡಿದವನೇ. ಆದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಾನು ಸೂಜಿ ಹಿಡಿದ ಕಾರಣ

ನಮ್ಮೂರು ಇಳಕಲ್ಲಿನ ಹತ್ತಿರ. ಅಪ್ಪನ ನೌಕರಿಯಿಂದ ಮನೆ ಪುಣೆಗೆ ಬಂದು ಬಹಳ ವರ್ಷಗಳಾದವು. ನಮ್ಮ ಕಡೆ ಮೊದಲನೆಯ ಬಾಣಂತನ ತವರಿನಲ್ಲಿ. ಕೂಸಿನೊಂದಿಗೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು, ಕುಂಚಗಿ, ಕುಲಾಯಿ ಕೊಟ್ಟು, ಜೊತೆಗೆ ಕೂಸಿನ ಕೌದಿ ಕೊಡಬೇಕು. ಆ ಕೌದಿಗೆ ಅಜ್ಜಿಯ ಸೀರೆ ಹಾಕುವುದು ವಾಡಿಕೆ.

ನಮ್ಮ ಅಕ್ಕ ಏಳನೆಯ ತಿಂಗಳಿಗೆ ಹುಬ್ಬಳ್ಳಿಯಿಂದ ಬಂದಳು. ಆದರೆ ಅಜ್ಜಿಯಾಗಬೇಕಿದ್ದ ನಮ್ಮ ಅವ್ವ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಬಾಣಂತನಕ್ಕೆ ಊರಿಂದ ಚಿಗವ್ವ ಬರುವುದೆಂದಾಯಿತು. ತೊಟ್ಟಿಲನ್ನು ಅಪ್ಪ ಲಕ್ಷ್ಮೀ ರಸ್ತೆಯಲ್ಲಿ ಕೊಂಡರು. ಕೌದಿಯ ಮಾತು ಬಂದಾಗ, “ಈಗ ಅಂಗಡ್ಯಾಗ ಮೆತ್ತನ್ನವು ಸಿಗತಾವ, ಒಂದು ತಂದರಾತು” ಅಂದರು. ಅಕ್ಕ ಹೂಂ ಅಂದಳು. ಅಂದವಳು ಒಳಗೆ ಹೋಗಿ ಅವ್ವನ ಟ್ರಂಕು ತೆಗೆದು, ಸೀರೆಗಳನ್ನು ಒಂದೊಂದಾಗಿ ನೋಡಿ, ಮತ್ತೆ ಮಡಿಚಿ ಇಟ್ಟು ಮುಚ್ಚಳ ಹಾಕಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆವತ್ತೇ ನಿಶ್ಚಯ ಮಾಡಿದೆ. ಸೋದರಮಾವ ಆಗುವವನು ನಾನು. ಕೌದಿ ನಾನೇ ಹೊಲಿದು ಕೊಡುತ್ತೇನೆ, ಅದೂ ಅಕ್ಕನಿಗೆ ಗೊತ್ತಾಗದ ಹಾಗೆ.

ನಿಶ್ಚಯ ಮಾಡುವುದು ಸುಲಭ. ನನಗೆ ಅಂಗಿಯ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಕಲಿಸಿದವರು ಮೇಲಿನ ಮಹಡಿಯ ಕಾಕೂ. ಅಕ್ಕಲಕೋಟೆ ಕಡೆಯವರು, ಮನೆಯಲ್ಲಿ ಮರಾಠಿ, ಸಿಟ್ಟು ಬಂದರೆ ಕನ್ನಡ. ಹೊಲಿಗೆ ಕಲಿಸುವಾಗ ಹೆಚ್ಚಾಗಿ ಕನ್ನಡವೇ ಬಂತು.

ಮೊದಲು ಬಟ್ಟೆ ಬೇಡಬೇಕು

ಕಾಕೂ ಕೊಟ್ಟ ಮೊದಲ ಪಾಠ ಸೂಜಿಯದಲ್ಲ. “ಯಾರ್ಯಾರ ಬಟ್ಟಿ ಹಾಕಾಂವಾ?” ಎಂದು ಕೇಳಿದರು. ಅವ್ವನ ಸೀರೆ ಅಂದೆ. “ಅಷ್ಟs? ಕೂಸಿಗೆ ಮಂದಿ ಅಷ್ಟೇ ಏನು? ಹೋಗು, ಬೇಡಿಕೊಂಡು ಬಾ” ಅಂದರು.

ಉಡುಗೊರೆಯ ಕೌದಿಗೆ ಬಟ್ಟೆ ಕೊಳ್ಳುವುದಿಲ್ಲ, ಬೇಡುತ್ತಾರೆ. ಬಡತನವೊಂದೇ ಇದಕ್ಕೆ ಕಾರಣವಲ್ಲ. ಬೇಡಲು ಹೋದಾಗ ಕೊಡುವವರು ಬರಿಗೈಯಲ್ಲಿ ಕೊಡುವುದಿಲ್ಲ; ಆ ಬಟ್ಟೆಯ ಕತೆಯನ್ನೂ ಕೊಡುತ್ತಾರೆ. ಅಪ್ಪ ಎರಡು ಧೋತರ ಕೊಟ್ಟು, ಅದರಲ್ಲಿ ಒಂದು ತಮ್ಮ ಮದುವೆಯದೆಂದು ಹೇಳಿದರು. ಅದನ್ನು ಇಷ್ಟು ವರ್ಷ ಎಲ್ಲಿಟ್ಟಿದ್ದರೋ ನಾನು ನೋಡಿರಲಿಲ್ಲ. ಚಿಗವ್ವ ಊರಿಂದ ಬರುವಾಗ ಗುಳೇದಗುಡ್ಡದ ಖಣದ ಹಳೇ ಕುಪ್ಪಸಗಳನ್ನು, ಅಜ್ಜನ ರುಮಾಲಿನ ಒಂದು ಮಾರು ಬಟ್ಟೆಯನ್ನು ಗಂಟು ಕಟ್ಟಿ ತಂದಳು. ಹುಬ್ಬಳ್ಳಿಗೆ ಭಾವನಿಗೆ ಗುಟ್ಟಾಗಿ ಫೋನು ಮಾಡಿದೆ. ಎಂಟು ದಿನಕ್ಕೆ ಅಂಚೆಯಲ್ಲಿ ಪೊಟ್ಟಣ ಬಂತು: ಅಕ್ಕನ ಅತ್ತೆಯ ಒಂದು ಹತ್ತಿ ಸೀರೆಯ ಅರ್ಧ, ಜೊತೆಗೆ ಒಂದು ಚೀಟಿ, ‘ಕೂಸು ನಮ್ಮದೂ ಐತಿ’ ಎಂದು. ಕಾಕೂ ತಮ್ಮದೊಂದು ಹಸಿರು ನೂಲಿನ ಸೀರೆ ಸೇರಿಸಿದರು.

ಅಂಗಡಿಯ ಹೊದಿಕೆಯನ್ನು ಒಬ್ಬ ಕೊಂಡು ಒಬ್ಬರಿಗೆ ಕೊಡಬಹುದು. ಕೌದಿ ಹಾಗಲ್ಲ. ಕೇಳುವ ಧೈರ್ಯ ಮಾಡಿ ನಾಲ್ಕು ಮನೆ ತಿರುಗಿದವನಿಗೇ ಅದು ಕೈಗೂಡುವುದು. ಅರ್ಧ ಕೌದಿ ಅಲ್ಲೇ ಆಗಿಹೋಗುತ್ತದೆ.

ಬಟ್ಟೆಯ ಆಯ್ಕೆ

ಈಗ ಕೆಲಸದ ಮಾತು. ಮಾಡಬೇಕೆನ್ನುವವರು ಇಲ್ಲಿಂದ ಗಮನವಿಟ್ಟು ಓದಿರಿ.

ಬಟ್ಟೆ ಹತ್ತಿಯದೇ ಆಗಬೇಕು. ಬಹಳ ಸಲ ಒಗೆದ ಹತ್ತಿ ಮೆತ್ತಗಾಗಿರುತ್ತದೆ, ನೀರು ಹೀರುತ್ತದೆ, ಸೂಜಿಗೆ ಸುಲಭವಾಗಿ ದಾರಿ ಬಿಡುತ್ತದೆ. ಟೆರಿಕಾಟು, ನೈಲಾನು ಬೇಡ. ಅವು ಬೆವರು ಹೀರುವುದಿಲ್ಲ, ಹತ್ತಿಯ ಜೊತೆ ಹೊಲಿದರೆ ಜಾರುತ್ತವೆ. ನನ್ನ ಶಾಲೆಯ ನೀಲಿ ಚಡ್ಡಿ ಕೌದಿಯಲ್ಲಿ ಇರಲಿ ಎಂಬ ಆಸೆ ನನಗಿತ್ತು. ಕಾಕೂ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ಆಚೆ ಎಸೆದರು.

ಹಳೆಯದರ ಜೊತೆ ಹೊಚ್ಚಹೊಸ ಬಟ್ಟೆ ಕೂಡಿಸಬಾರದು. ಹೊಸ ಹತ್ತಿ ಮೊದಲ ಒಗೆತಕ್ಕೆ ಮುದುಡುತ್ತದೆ. ಹಳೆಯದು ಮುದುಡುವಷ್ಟು ಆಗಲೇ ಮುದುಡಿರುತ್ತದೆ. ಎರಡೂ ಸೇರಿದರೆ ಒಂದು ಕಡೆ ಎಳೆದು, ಇನ್ನೊಂದು ಕಡೆ ಗುಬ್ಬು ಏಳುತ್ತದೆ. ಹೊಸದನ್ನು ಹಾಕಲೇಬೇಕಾದರೆ ಬಿಸಿನೀರಲ್ಲಿ ಎರಡು ಸಲ ಒಗೆದು ಹಾಕಿರಿ.

ಪ್ರತಿ ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಎರಡು ಕೈಯಿಂದ ಮೆಲ್ಲಗೆ ಎಳೆದರೆ ಹರಿಯುವಷ್ಟು ಸವೆದಿದ್ದರೆ ಅದು ಒಳಪದರಕ್ಕೆ. ಗಟ್ಟಿ ಇದ್ದರೆ ಮೇಲೆ ಅಥವಾ ತಳಕ್ಕೆ. ಕೌದಿಯಲ್ಲಿ ಹರಕಿಗೂ ಜಾಗ ಇದೆ, ಆದರೆ ಅದರ ಜಾಗ ಒಳಗೆ.

ಬಣ್ಣ ಬಿಡುತ್ತದೋ ಇಲ್ಲವೋ ಪರೀಕ್ಷಿಸಲು ಒದ್ದೆ ಮಾಡಿದ ಬಿಳಿ ಚಿಂದಿಯಿಂದ ತಿಕ್ಕಿರಿ. ನಾನು ಇದನ್ನು ಮಾಡದೆ ಒಂದು ಕೆಂಪು ಕುಪ್ಪಸವನ್ನು ಅಪ್ಪನ ಧೋತರದ ಜೊತೆ ಬಕೆಟ್ಟಿಗೆ ಹಾಕಿದೆ. ಮದುವೆಯ ಧೋತರ ಗುಲಾಬಿ ಆಯಿತು. ಅಪ್ಪ ನೋಡಿ, “ನನ್ನ ಲಗ್ನದಾಗ ಇಷ್ಟು ಬಣ್ಣ ಇರಲಿಲ್ಲ” ಎಂದಷ್ಟೇ ಅಂದರು.

ಕೊನೆಗೆ ಎಲ್ಲವನ್ನೂ ಒಗೆದು, ಕಡು ಬಿಸಿಲಲ್ಲಿ ಒಣಗಿಸಿ, ಗುಂಡಿ, ಹುಕ್ಕು, ಲಾಡಿ, ಜೇಬು ಎಲ್ಲಾ ಬಿಚ್ಚಿ ಇಸ್ತ್ರಿ ಮಾಡಬೇಕು. ಕೂಸಿನ ಕೌದಿಯಲ್ಲಿ ಗುಂಡಿ, ಕನ್ನಡಿ, ಟಿಕಳಿ ಯಾವುದೂ ಇರಬಾರದು. ಕಿತ್ತು ಬಂದರೆ ಕೂಸಿನ ಬಾಯಿಗೆ ಹೋಗುತ್ತದೆ.

ಹರಿಯುವುದು

ಕೂಸಿನ ಕೌದಿಗೆ ಮೂರು ಅಡಿ ಉದ್ದ, ಮೂರೂವರೆ ಅಡಿ ಅಗಲ ಸಾಕು. ನಾಲ್ಕು ಪದರು: ತಳ, ನಡುವೆ ಎರಡು, ಮೇಲೆ ತುಂಡುಗಳದು. ದೊಡ್ಡವರ ಕೌದಿಯಾದರೆ ಐದು ಅಡಿಗೆ ಏಳು ಅಡಿ, ಐದಾರು ಪದರು. ಆಗ ಸೀರೆಯ ಒಂದು ಅಗಲ ಸಾಲದೆ ಎರಡನ್ನು ಕೂಡಿಸಬೇಕಾಗುತ್ತದೆ.

ತಳಕ್ಕೆ ಅವ್ವನ ಇಳಕಲ್ ಸೀರೆ ಎಂದು ಗೊತ್ತುಮಾಡಿದ್ದೆ. ಇಳಕಲ್ ಸೀರೆ ಗೊತ್ತಲ್ಲ? ಒಡಲಿನ ನೇಯ್ಗೆಗೆ ಸೆರಗಿನದನ್ನು ಕೂಡಿಸುವಾಗ ಹಾಸಿನ ಎಳೆಗಳನ್ನು ಕೊಂಡಿ ಹಾಕಿದ ಹಾಗೆ ಒಂದರೊಳಗೊಂದು ಸಿಕ್ಕಿಸಿ ನೇಯುತ್ತಾರೆ. ಸೆರಗು ಕೆಂಪು ರೇಷ್ಮೆಯದು, ಅದಕ್ಕೆ ತೋಪು ತೆನಿ ಎನ್ನುತ್ತಾರೆ. ಅವ್ವನದು ಎಂಟು ಗಜದ, ಒಡಲು ಹತ್ತಿಯ, ಕಡುನೀಲಿ ಸೀರೆ. ಒಲೆಯ ಮುಂದೆ ಕೂತೂ ಎದ್ದೂ ಮೊಣಕಾಲಿನ ಜಾಗದಲ್ಲಿ ಸವೆದು ಹರಿದಿತ್ತು. ಅವ್ವನೇ ಹಾಕಿದ ತೇಪೆಯೂ ಇತ್ತು.

ಕತ್ತರಿ ಹಿಡಿದು ಕೂತೆ. ಕೈ ಏಳಲಿಲ್ಲ. ಎರಡು ದಿನ ಅದೇ ಆಯಿತು. ಟ್ರಂಕಿನಲ್ಲಿ ಇದ್ದಷ್ಟು ಕಾಲ ಅದು ಅವ್ವನ ಸೀರೆ, ಕತ್ತರಿಸಿದರೆ ಬಟ್ಟೆ. ಮೂರನೆಯ ದಿನ ಕಾಕೂ ಬಂದು ಕತ್ತರಿ ಕಸಿದುಕೊಂಡರು.

“ಬಾಳಾ, ಟ್ರಂಕಿನಾಗ ಇಟ್ಟು ಯಾರಿಗೆ ಕೊಡಾಂವಾ? ಹುಳಕ್ಕs? ನಿಮ್ಮವ್ವ ಇದ್ದಿದ್ದರ ಇಷ್ಟೊತ್ತಿಗೆ ತಾನs ಹರೀತಿದ್ದಳು.”

ಅಂಚಿನಲ್ಲಿ ಕತ್ತರಿಯಿಂದ ಒಂದು ಬೆರಳು ಕಚ್ಚು ಹಾಕಿ ನನ್ನ ಕೈಗೆ ಕೊಟ್ಟರು. ಸೀರೆಯನ್ನು ಅಡ್ಡಕ್ಕೆ ಹರಿಯುವುದೇ ಸರಿಯಾದ ಕ್ರಮ. ಸಾದಾ ನೇಯ್ಗೆಯ ಹತ್ತಿ ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಕತ್ತರಿಯಲ್ಲಿ ಅಷ್ಟು ನೇರ ಬರುವುದಿಲ್ಲ. ಅಂಚು ಗಟ್ಟಿ ಇರುವುದರಿಂದ ಅಲ್ಲಿ ಮಾತ್ರ ಕಚ್ಚು ಬೇಕು. ಪರ್‍ರ್ ಎಂದು ಹರಿದೆ. ಕೆಳಗೆ ಅಕ್ಕನಿಗೆ ಕೇಳಿಸಿತೇನೋ ಎಂದು ಹೆದರಿಕೆಯಾಯಿತು. ಮೂರೂ ಕಾಲು ಅಡಿಯ ಎರಡು ತುಂಡು ತೆಗೆದೆವು. ಸೆರಗನ್ನು ಮುಟ್ಟಲಿಲ್ಲ. ಉಳಿದದ್ದನ್ನು ಹಾಗೇ ಮಡಿಚಿ ಎತ್ತಿಟ್ಟೆವು.

ಹಾಸುವುದು, ಕಚ್ಚುವುದು

ನೆಲ ಗುಡಿಸಿ ಒರೆಸಿ ತಳದ ಬಟ್ಟೆ ಹಾಸಿ. ಇದು ಸುತ್ತಲೂ ಎರಡು ಬೆರಳು ದೊಡ್ಡದಿರಲಿ. ಕಡೆಗೆ ಇದನ್ನೇ ಮೇಲಕ್ಕೆ ಮಡಿಚಿದರೆ ಅಂಚು ಆಗುತ್ತದೆ. ನಾಲ್ಕು ಮೂಲೆಗೆ ಭಾರ ಇಡಿ. ನಾನು ನಾಲ್ಕು ಪಠ್ಯಪುಸ್ತಕ ಇಟ್ಟೆ. ಆ ರಜೆಯಲ್ಲಿ ಅವು ಉಪಯೋಗಕ್ಕೆ ಬಂದದ್ದು ಅಷ್ಟೇ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಿರಿ. ಅದರ ಮೇಲೆ ಒಳಪದರು, ಮತ್ತೆ ಸವರುವುದು. ನನ್ನ ಕೌದಿಯಲ್ಲಿ ಅವ್ವನ ಸೀರೆಯ ಎರಡನೆಯ ತುಂಡು, ಅದರ ಮೇಲೆ ಅಪ್ಪನ ಗುಲಾಬಿ ಧೋತರ. ಎಲ್ಲಕ್ಕೂ ಮೇಲೆ ತುಂಡುಗಳು: ಪ್ರತಿಯೊಂದರ ಅಂಚನ್ನು ಕಿರುಬೆರಳಷ್ಟು ಒಳಕ್ಕೆ ಮಡಿಚಿ, ಒಂದರ ಮೇಲೊಂದು ಸ್ವಲ್ಪ ಹತ್ತುವ ಹಾಗೆ ಜೋಡಿಸಬೇಕು. ಕಡು ಬಣ್ಣದ ಪಕ್ಕ ತಿಳಿ ಬಣ್ಣ ಬರಲಿ. ನಾನು ಖಣದ ತುಂಡುಗಳನ್ನು ನಡುವೆ ಚೌಕವಾಗಿ ಇಟ್ಟು, ಸುತ್ತ ಅಕ್ಕನ ಅತ್ತೆಯ ಸೀರೆ, ಅದರಾಚೆ ಹಸಿರು, ನಾಲ್ಕು ಮೂಲೆಗೆ ಅಜ್ಜನ ರುಮಾಲು ಇಟ್ಟೆ.

ಆಮೇಲೆ ಕಚ್ಚಾ ಹೊಲಿಗೆ. ಇದನ್ನು ಬಿಟ್ಟವರು ಕೆಟ್ಟರು. ಗೇಣುದ್ದದ ಸಡಿಲ ಹೊಲಿಗೆಗಳನ್ನು ನಡುವಿನಿಂದ ಶುರುಮಾಡಿ ನಾಲ್ಕು ದಿಕ್ಕಿಗೆ, ನಾಲ್ಕು ಮೂಲೆಗೆ ಹಾಕಬೇಕು. ಯಾಕೆಂದರೆ ನಿಜವಾದ ಹೊಲಿಗೆ ಅಂಚಿನಿಂದ ಒಳಕ್ಕೆ ಬರುತ್ತದೆ. ಪದರುಗಳು ಸಡಿಲ ಇದ್ದರೆ ಸೂಜಿ ಸುಕ್ಕನ್ನು ತಳ್ಳುತ್ತಾ ತಳ್ಳುತ್ತಾ ಎಲ್ಲವನ್ನೂ ನಡುವೆ ತಂದು ಗುಡ್ಡೆ ಹಾಕುತ್ತದೆ. ಸುಕ್ಕನ್ನು ಮೊದಲೇ ಹೊರಗೆ ಓಡಿಸಿಬಿಟ್ಟರೆ ಆ ತೊಂದರೆ ಇಲ್ಲ. ಕೌದಿ ಮುಗಿದ ಮೇಲೆ ಈ ಕಚ್ಚಾ ದಾರ ಕಿತ್ತುಹಾಕುವುದು.

ಸೂಜಿಯ ಲೆಕ್ಕ

ಉದ್ದನೆಯ, ಕಣ್ಣು ದೊಡ್ಡದಾದ ಸೂಜಿ. ದಪ್ಪ ಬಿಳಿ ಹತ್ತಿ ದಾರ. ನನಗೆ ಎರಡೂ ರವಿವಾರ ಪೇಟೆಯಲ್ಲಿ ಸಿಕ್ಕವು. ದಾರವನ್ನು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಬರುವಂತೆ ಜೋಡಿ ಮಾಡಿ ಪೋಣಿಸಿರಿ. ಉದ್ದವಾದರೆ ಗಂಟು ಬೀಳುತ್ತದೆ. ಮೇಣದಬತ್ತಿಯ ಮೇಲೆ ಒಮ್ಮೆ ಎಳೆದರೆ ದಾರ ಸರಾಗ ಓಡುತ್ತದೆ. ನಡುಬೆರಳಿಗೆ ದರ್ಜಿಗಳು ಹಾಕುವ ಅಂಗುಸ್ತಾನ ಹಾಕಿಕೊಳ್ಳಿ. ಗಂಡಸರಿಗೆ ಇದು ಬೇಡ ಎಂದುಕೊಂಡ ನನಗೆ ಮೊದಲ ದಿನವೇ ಬೆರಳಿನಲ್ಲಿ ಮೂರು ತೂತು.

ತಳದ ಅಂಚನ್ನು ಮೇಲಕ್ಕೆ ಮಡಿಚಿ ಸುತ್ತಲೂ ಎರಡು ಸಾಲು. ಅಲ್ಲಿಂದ ಮುಕ್ಕಾಲು ಇಂಚಿಗೆ ಒಂದು ಸಾಲಿನಂತೆ ಚೌಕವಾಗಿ ಸುತ್ತುತ್ತಾ ಒಳಕ್ಕೆ. ಸೂಜಿಯಲ್ಲಿ ಮೂರು ನಾಲ್ಕು ಹೊಲಿಗೆ ತುಂಬಿಕೊಂಡು ಒಮ್ಮೆ ಎಳೆಯುವುದು. ಪ್ರತಿ ಸಲವೂ ಸೂಜಿಯ ತುದಿ ತಳದ ಬಟ್ಟೆಯನ್ನು ಮುಟ್ಟಿತೇ ಎಂದು ಎಡಗೈ ಬೆರಳಿಗೆ ತಿಳಿಯಬೇಕು. ಮುಟ್ಟದಿದ್ದರೆ ಮೇಲೆ ಹೊಲಿಗೆ ಕಾಣುತ್ತದೆ, ಕೆಳಪದರು ಜೋತಾಡುತ್ತದೆ. ದಾರವನ್ನು ಬಿಗಿಯಾಗಿ ಎಳೆಯಬೇಡಿ. ಗಂಟುಗಳು ಪದರುಗಳ ನಡುವೆ ಅಡಗಲಿ, ಹೊರಗಿದ್ದರೆ ಕೂಸಿನ ಮೈಗೆ ಚುಚ್ಚುತ್ತವೆ.

ಒಂದು ಸಂಜೆ ಲೆಕ್ಕ ಹಾಕಿದೆ. ೩೬ ಇಂಚು, ೪೨ ಇಂಚಿನ ಕೌದಿಯಲ್ಲಿ ಮುಕ್ಕಾಲು ಇಂಚಿಗೊಂದು ಸಾಲು ಅಂದರೆ ಸಾಲುಗಳ ಒಟ್ಟು ಉದ್ದ ಸುಮಾರು ೨,೦೦೦ ಇಂಚು, ಅಂದರೆ ೧೬೮ ಅಡಿ. ಇಂಚಿಗೆ ಮೂರು ಹೊಲಿಗೆಯಂತೆ ೬,೦೦೦ ಹೊಲಿಗೆ. ನನ್ನ ವೇಗ ಗಂಟೆಗೆ ಐದು ಅಡಿ. ಒಟ್ಟು ಹೆಚ್ಚುಕಡಿಮೆ ೩೪ ಗಂಟೆ. ಇದನ್ನು ಕಾಕೂಗೆ ಹೇಳಿದೆ. “ಲೆಕ್ಕಾ ಮಾಡೋ ಹೊತ್ತಿನ್ಯಾಗ ಒಂದು ಸಾಲು ಆಗತಿತ್ತು” ಅಂದರು. ನಮ್ಮ ಮನೆಯ ಆರು ಮಂದಿ ಹೊದೆಯುತ್ತಿದ್ದ ದೊಡ್ಡ ಕೌದಿಗಳಲ್ಲಿ ಎಷ್ಟು ಸಾವಿರ ಹೊಲಿಗೆ ಇದ್ದವೋ, ಹೊದ್ದು ಮಲಗಿದ ನಾವು ಯಾರೂ ಎಣಿಸಿರಲಿಲ್ಲ.

ಕೌದಿ ಬೆಚ್ಚಗೆ ಯಾಕೆ?

ವಿಜ್ಞಾನ ಓದುವ ಮಿತ್ರರಿಗಾಗಿ ಎರಡು ಮಾತು. ಬಟ್ಟೆಗೆ ತನ್ನದೇ ಶಾಖ ಇಲ್ಲ. ಶಾಖ ನಮ್ಮ ಮೈಯದು. ಪದರುಗಳ ನಡುವೆ ಸಿಕ್ಕಿಬಿದ್ದ ಗಾಳಿ ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖ ಬೇಗ ಹರಿದುಹೋಗುವುದಿಲ್ಲ. ಅದಕ್ಕೇ ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಪದರು ಮೇಲು. ಸಾಲುಗಳು ಬಹಳ ಒತ್ತಾದರೆ ಗಾಳಿಗೆ ಜಾಗ ಕಡಿಮೆಯಾಗಿ ಕೌದಿ ಬಿರುಸಾಗುತ್ತದೆ; ಬಹಳ ದೂರವಾದರೆ ಪದರು ಸರಿದು ಮುದ್ದೆಯಾಗುತ್ತದೆ. ಬೆರಳಗಲದ ಸಾಲು ಎಂಬ ನಮ್ಮ ಅಜ್ಜಿಯರ ಅಳತೆ ಇವೆರಡರ ನಡುವಿನದು.

ಇನ್ನೊಂದು ಎಚ್ಚರಿಕೆ. ಎಳೆಗೂಸಿನ ಮೇಲೆ ಭಾರದ ಹೊದಿಕೆ ಹಾಕಬಾರದು, ಅದು ಮುಖದ ಮೇಲೆ ಸರಿದರೆ ಉಸಿರಿಗೆ ಅಪಾಯ ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಕೂಸಿನ ಕೌದಿ ತೆಳ್ಳಗಿರಲಿ. ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸಲು, ತೊಡೆಯ ಮೇಲೆ ಹಾಕಿಕೊಳ್ಳಲು ಅದು ಚಂದ. ಹೊದೆಯುವ ವಯಸ್ಸು ತಾನಾಗಿ ಬರುತ್ತದೆ.

ಕೊನೆಯ ತುಂಡು

ನಡುವಿನ ಚೌಕದ ಕೊನೆಯ ಮೂಲೆ ಮುಚ್ಚುವ ಮೊದಲು ಕಾಕೂ ಒಳಗೆ ಹೋಗಿ ರೊಟ್ಟಿಯ ಒಣಗಿದ ಚೂರೊಂದನ್ನು ತಂದರು. ನಮ್ಮ ಅಜ್ಜಿಯೂ ಹಾಗೆ ಮಾಡುತ್ತಿದ್ದುದು ನೆನಪಾಯಿತು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಹೊದ್ದವರು ಹಸಿಯಬಾರದು ಎಂಬ ಹಾರೈಕೆ ಇರಬೇಕು. ಇರುವೆ ಬಂದೀತು ಅಂದೆ. “ಉಗುರಿನಷ್ಟಕ್ಕೆ ಏನೂ ಬರೋದಿಲ್ಲ, ಹೊಲಿ” ಅಂದರು. ಹೊಲಿದೆ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕೌದಿ ತಂದು ಅಕ್ಕನ ಮುಂದೆ ಇಟ್ಟೆ. ಅವಳು ಮೊದಲು ಮೇಲ್ಭಾಗ ನೋಡಿದಳು. ಅತ್ತೆಯ ಸೀರೆಯ ಗುರುತು ಹಿಡಿದು ನಕ್ಕಳು, ಖಣ ಯಾರದೆಂದು ಚಿಗವ್ವನ ಮುಖ ನೋಡಿದಳು. ಆಮೇಲೆ ತಿರುಗಿಸಿದಳು. ಕಡುನೀಲಿ ತಳ. ಮೊಣಕಾಲಿನ ಜಾಗದ ತೇಪೆ ಹಾಗೇ ಇತ್ತು. ಅದನ್ನು ಬಿಡಿಸಬೇಡ ಎಂದು ಕಾಕೂ ಹೇಳಿದ್ದರು. ಅಕ್ಕ ಆ ತೇಪೆಯ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಳು. ಕೊನೆಗೆ, “ತಮ್ಮಾ, ಈ ಸಾಲು ಸೊಟ್ಟ ಐತಲ್ಲೋ” ಅಂದಳು. ಬಿಚ್ಚಿ ಸರಿಮಾಡಿ ಕೊಡುತ್ತೇನೆ ಎಂದು ಕೈ ಚಾಚಿದರೆ ಕೌದಿಯನ್ನು ಎದೆಗೆ ಅವುಚಿಕೊಂಡು, “ಮುಟ್ಟಿದರ ನೋಡು” ಅಂದಳು. ಅಪ್ಪ ಕನ್ನಡಕ ಒರೆಸಲು ಹೊರಗೆ ಹೋದರು. ಕೂಸು ಮಾತ್ರ ತಡ ಮಾಡಲಿಲ್ಲ. ಮಲಗಿಸಿದ ಹತ್ತು ನಿಮಿಷದಲ್ಲಿ ಕೌದಿಯನ್ನು ತೋಯಿಸಿ ತನ್ನದು ಮಾಡಿಕೊಂಡಿತು.

ಹಾಗಾದಾಗ ಏನು ಮಾಡಬೇಕು? ತಣ್ಣೀರಲ್ಲಿ ನೆನೆಸಿ, ಮೆಲ್ಲಗೆ ಒಗೆದು, ಹಿಂಡದೆ ನೀರು ಸೋರಲು ಬಿಟ್ಟು, ಬಿಸಿಲಲ್ಲಿ ಎರಡೂ ಮಗ್ಗುಲು ಒಣಗಿಸಬೇಕು. ಒಳಪದರು ಹಸಿ ಉಳಿದರೆ ಮುಗ್ಗಲು ವಾಸನೆ ಬರುತ್ತದೆ. ದಾರ ಕಿತ್ತಲ್ಲಿ ಅದೇ ದಿನ ಎರಡು ಹೊಲಿಗೆ. ತುಂಡು ಹರಿದರೆ ಅದರ ಮೇಲೆ ಇನ್ನೊಂದು ತುಂಡು. ಹೀಗೆ ನೋಡಿಕೊಂಡರೆ ಕೌದಿ ಬಹಳ ಕಾಲ ಬಾಳುತ್ತದೆ.

ಅವ್ವನ ಸೀರೆ ಇನ್ನೂ ಹದಿನೈದು ಅಡಿ ಉಳಿದಿದೆ, ಸೆರಗು ಬೇರೆ. ಟ್ರಂಕಿನಲ್ಲಿ ಅದರ ಮೇಲೆಯೇ ಸೂಜಿ-ದಾರ ಇಟ್ಟಿದ್ದೇನೆ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ, ಬಿದ್ದು ಬಿದ್ದು ನಕ್ಕಿದ್ದ ನಮ್ಮ ವಿಜಾಪುರದ ಗೆಳೆಯ ಮೊನ್ನೆ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಬಂದು ಕೂತ. ಚಹಾ ಅರ್ಧ ಆಗುವವರೆಗೂ ಸುಮ್ಮನಿದ್ದ. ಆಮೇಲೆ ಯಾರಿಗೂ ಕೇಳದ ಹಾಗೆ, “ಬ್ಯಾಸಿಗ್ಯಾಗ ತಂಗೀ ಲಗ್ನ ಐತಿ. ದೊಡ್ಡ ಕೌದಿ ಅಂದರ ಎಷ್ಟು ದಿನ ಬೇಕೋ?” ಅಂದ.

ಎರಡು ತಿಂಗಳು ಹಿಡಿ ಅಂದೆ. ಸೂಜಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಸೂಜಿ ಆಮೇಲೆ, ಮೊದಲು ಊರಿಗೆ ಹೋಗಿ ಬಟ್ಟೆ ಬೇಡಿಕೊಂಡು ಬಾ ಎಂದೆ.